ಮೂಗಿನ ಬಾಯಾರು

ಸಿಟ್ಟು ನಿನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮವ್ವ ನಾನು ಸಣ್ಣವಳಿದ್ದಾಗಿನಿಂದ ಅನ್ನುತ್ತಿದ್ದಳು. ಇಳಕಲ್ಲಿನ ಜನ ಅದರ ಪಕ್ಕದಲ್ಲಿ ಒಂದು ದೇವರನ್ನೂ ತಂದು ಕೂರಿಸಿದರು. ಕುಂಕುಮ ಹಚ್ಚಿ ಕಾಯಿ ಒಡೆಯುವುದೊಂದು ಬಾಕಿ ಇತ್ತು.

ನನ್ನ ಹೆಸರು ಪ್ರೇಮಾಬಾಯಿ. ಬಾದಾಮಿಯವಳು. ಬಿಜಾಪುರದಲ್ಲಿ ನರ್ಸಿಂಗ್ ಕಲಿತು, ಅಲ್ಲೇ ವಾರ್ಡುಗಳಲ್ಲಿ ದುಡಿದು, ಎಪ್ಪತ್ತೈದರ ಸುಮಾರಿಗೆ ಇಳಕಲ್ಲಿನ ದವಾಖಾನೆಗೆ ಬಂದೆ. ನಮ್ಮ ಕಡೆ ನರ್ಸುಗಳನ್ನು ಬಾಯಾರು ಎಂದು ಕರೆಯುತ್ತಾರೆ, ಅದು ಮರ್ಯಾದೆಯ ಮಾತು. ಆದರೆ ಬಂದು ಎರಡು ವರ್ಷ ತುಂಬುವುದರೊಳಗೆ ನಾನು ಬರೀ ಬಾಯಾರಾಗಿ ಉಳಿಯಲಿಲ್ಲ. ಸಂತೆಗೆ ಹೋದರೆ, ಬಸ್ಸು ಹತ್ತಿದರೆ, ಮೂಗಿನ ಬಾಯಾರು ಬಂದರು ಜಾಗ ಬಿಡಿ ಎನ್ನುವರು. ಜಾಗ ಸಿಕ್ಕಿತಲ್ಲ ಎಂದು ಮೊದಮೊದಲು ನಾನೂ ಸುಮ್ಮನೆ ಕೂತುಕೊಂಡೆ.

ಈ ಹೆಸರು ಇಟ್ಟವರು ನೂಲಿನ ವ್ಯಾಪಾರಿ ಅಂದಾನಪ್ಪನವರು. ಒಂದು ದಿನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದರು. ನಾನು ಬಗ್ಗಿ ಪಟ್ಟಿ ಸುತ್ತುತ್ತಿದ್ದರೆ ಅವರು ಮೇಲಿನಿಂದ ನೂಲಿನ ಧಾರಣೆ, ನೇಕಾರರ ತಕರಾರು ಎಂದು ಮಾತಾಡುತ್ತಲೇ ಇದ್ದರು. ಆ ಉಸಿರಿಗೆ ಹೆಚ್ಚು ಕಳಿತ ಬಾಳೆಹಣ್ಣಿನ ವಾಸನೆ ಇತ್ತು. ಬಿಜಾಪುರದಲ್ಲಿ, ಸಕ್ಕರೆ ಕಾಯಿಲೆ ಕೈಮೀರಿದವರ ಹಾಸಿಗೆಯ ಹತ್ತಿರ, ಆ ವಾಸನೆ ನನಗೆ ಪರಿಚಯವಾಗಿತ್ತು. ಮೂತ್ರ ತಪಾಸಣೆ ಮಾಡಿಸಿ ಅಂದೆ. ಮಾಡಿಸಿದರು, ಸಕ್ಕರೆ ಸಿಕ್ಕಿತು. ಅದು ಅಲ್ಲಿಗೇ ಮುಗಿಯಬೇಕಾದ ಮಾತು. ಆದರೆ ಅಂದಾನಪ್ಪನವರ ಬಾಯಿಗೆ ಬಿದ್ದದ್ದು ಮುಗಿಯುವುದುಂಟೇ? ಪೇಟೆಯಲ್ಲಿ ಕೂತು ಬಂದವರಿಗೆಲ್ಲ, ಯಮ ನನ್ನ ಹೊಸ್ತಿಲಿಗೆ ಬಂದಿದ್ದ, ಬಾಯಾರು ಮೂಸಿ ಹಿಡಿದರು ಎಂದು ಹೇಳಿದರು.

ಈಗ ನಿಜ ಹೇಳುತ್ತೇನೆ, ಕೇಳುವವರಿದ್ದರೆ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ಯಾವ ನರ್ಸಿಗಾದರೂ ಕೆಲವು ವಾಸನೆ ಗೊತ್ತಾಗುತ್ತವೆ. ಪಟ್ಟಿ ಬಿಚ್ಚುವ ಮೊದಲೇ ಒಳಗೆ ಕೀವು ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂತ್ರಪಿಂಡ ಕೆಟ್ಟವರ ಉಸಿರು ಗೊತ್ತಾಗುತ್ತದೆ. ಪಡಸಾಲೆಯಲ್ಲಿ ಕೂತಿದ್ದರೂ ಒಲೆಯ ಮೇಲಿನ ಹಾಲು ತಳ ಹಿಡಿದದ್ದು ಮನೆಯೊಡತಿಗೆ ತಿಳಿಯುವುದಿಲ್ಲವೇ, ಇದೂ ಹಾಗೇ. ಮಂತ್ರವಲ್ಲ, ವರವಲ್ಲ. ಮತ್ತು ಎಷ್ಟೋ ಸಲ ತಪ್ಪುತ್ತದೆ. ನಿರ್ಜಲ ಏಕಾದಶಿ ಮಾಡಿ ಬಂದಿದ್ದ ರಾಘವೇಂದ್ರರಾಯರ ಉಸಿರಿನಲ್ಲಿ ಅದೇ ಬಾಳೆಹಣ್ಣು ಕಂಡು, ನಿಮಗೂ ಸಕ್ಕರೆ ಇದೆ ಎಂದು ಅಂಜಿಸಿಬಿಟ್ಟೆ. ಅವರು ಬಾಗಲಕೋಟೆಯ ತನಕ ಹೋಗಿ ತಪಾಸಣೆ ಮಾಡಿಸಿದರು. ಏನೂ ಇರಲಿಲ್ಲ, ಉಪವಾಸದ ಹೊಟ್ಟೆಗೂ ಅದೇ ವಾಸನೆ ಬರುತ್ತದಂತೆ. ಇನ್ನೊಂದು ಸಲ, ಮೈಯೆಲ್ಲ ಕೊಳೆತ ವಾಸನೆ ಎಂದು ಒಂದು ಮಗುವನ್ನು ತಂದರು. ನಾನು ಏನೇನೋ ದೊಡ್ಡ ಕಾಯಿಲೆ ಯೋಚಿಸಿದೆ. ಡಾಕ್ಟರು ಚಿಮಟ ಹಾಕಿ ಮೂಗಿನ ಹೊಳ್ಳೆಯಿಂದ ನೆನೆದು ಊದಿದ ಹುಣಸೆ ಬೀಜ ತೆಗೆದರು.

ಸರಿಹೋದದ್ದನ್ನು ಊರು ಹಾಡಿತು, ತಪ್ಪಿದ್ದನ್ನು ನನಗೊಬ್ಬಳಿಗೇ ಬಿಟ್ಟಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಜನ ಕಾಗೆಗೇ ಪೂಜೆ ಮಾಡುತ್ತಾರೆ. ಥರ್ಮಾಮೀಟರ್ ಬಾಯಿಗೆ ಇಡಹೋದರೆ ಬೇಡ ಎಂದು ಮುಖ ತಿರುಗಿಸಿ, ಕೊರಳು ಮುಂದೆ ಮಾಡಿ ನಿಲ್ಲುವರು, ಮೂಸಿರಿ ಎಂದು. ನಮ್ಮ ಡಾಕ್ಟರು ಪಂಢರೀನಾಥರು ಒಳ್ಳೆಯ ಮನುಷ್ಯ, ಕೈಗುಣ ಇದ್ದವರು. ಆದರೆ ಅವರಿಗೂ ಇದೊಂದು ಮೋಜು. ಹೊರಗಿನಿಂದ ಯಾರೇ ಬರಲಿ, ನಮ್ಮಲ್ಲಿ ಪ್ರಯೋಗಶಾಲೆ ಇಲ್ಲ, ಪ್ರೇಮಾಬಾಯಿ ಇದ್ದಾರೆ ಎಂದು ನನ್ನನ್ನು ತೋರಿಸಿ ನಗುವರು. ನಗುವುದು ಸುಲಭ. ಪ್ರಯೋಗಶಾಲೆ ಬೇಕು ಎಂದು ಬಾಯಿ ಬಿಟ್ಟು ಕೇಳುವುದು ಯಾರಿಗೂ ಬೇಕಿರಲಿಲ್ಲ.

ಅಂದಾನಪ್ಪನವರಿಗೆ ಒಬ್ಬಳು ತಂಗಿ, ಸಂಗವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಹಿಂದಿನ ಓಣಿಯಲ್ಲೇ ಇದ್ದು, ಎರಡು ಮಗ್ಗ ನಡೆಸಿ ಒಬ್ಬಳೇ ಮಗಳನ್ನು ಬೆಳೆಸಿದವಳು. ಆ ಮಗಳು ಸಿದ್ದಲಿಂಗವ್ವನನ್ನು ಹುನಗುಂದದ ಸಾಲಿ ಮಾಸ್ತರ ಈರಪ್ಪನಿಗೆ ಕೊಟ್ಟಿದ್ದರು. ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ಮೇಲೆ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮನೆಯಲ್ಲೇ ಹೆತ್ತಳು, ಹೆಣ್ಣು ಕೂಸು. ಹೆರಿಗೆ ಮಾಡಿಸಿದ ಸಕ್ರವ್ವ ಹಳೆಯ ಸೂಲಗಿತ್ತಿ, ಅವಳ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಬಾಣಂತಿಗೆ ಜ್ವರ ಕಂಡಾಗ ದವಾಖಾನೆಗೆ ಒಯ್ಯಿರಿ ಎಂದು ಮೊದಲು ಹೇಳಿದವಳೇ ಅವಳು. ಸಂಗವ್ವ ಕೇಳಲಿಲ್ಲ. ಮೂಗಿನ ಬಾಯಾರು ಬಂದು ಒಮ್ಮೆ ಮೂಸಿ ನೋಡಲಿ, ಆಮೇಲೆ ನೋಡೋಣ ಎಂದು ಅದೇ ಸಕ್ರವ್ವನನ್ನು ನನ್ನ ಹತ್ತಿರ ಕಳಿಸಿದಳು.

ಮಧ್ಯಾಹ್ನ ಕೆಲಸ ಮುಗಿಸಿ ಹೋದೆ. ಪಡಸಾಲೆಯಲ್ಲಿ ಅಂದಾನಪ್ಪನವರು ಕೂತಿದ್ದರು, ಎದ್ದು ಕೈಮುಗಿದರು. ಬಾಣಂತಿಯ ಕೋಣೆಯ ಬಾಗಿಲು ತೆಗೆದರೆ ಒಳಗೆ ಏನೂ ಕಾಣಲಿಲ್ಲ. ನಮ್ಮ ಕಡೆ ಬಾಣಂತಿಗೆ ಹೊಗೆ ಹಾಕದಿದ್ದರೆ ಅದು ಬಾಣಂತನವೇ ಅಲ್ಲ. ಹೊರಸಿನ ಕೆಳಗೆ ಕೆಂಡ ಇಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕುತ್ತಾರೆ. ಮೈ ಬೆಚ್ಚಗಾಗುತ್ತದೆ, ಸೊಂಟದ ನೋವು ಇಳಿಯುತ್ತದೆ, ನಮ್ಮವ್ವನೂ ನನ್ನನ್ನು ಹಾಗೇ ಹೆತ್ತು ಮಲಗಿದ್ದಳು. ಆದರೆ ಇಲ್ಲಿ ಬೆಳಕಿಂಡಿಗೂ ಗೋಣಿತಟ್ಟು ತುರುಕಿದ್ದರು. ತೊಟ್ಟಿಲಲ್ಲಿ ಕೂಸು ಕೆಮ್ಮುತ್ತಿತ್ತು. ಕಣ್ಣಲ್ಲಿ ನೀರು ಸುರಿಸುತ್ತ ನಾನು ಕೈಯಾಡಿಸಿ ಹೊರಸು ಹುಡುಕಿದೆ.

ಸಿದ್ದಲಿಂಗವ್ವನ ಕೈ ಹಿಡಿದರೆ ಸುಡುತ್ತಿತ್ತು. ನಾಡಿ ಎಣಿಸಲಿಕ್ಕೆ ಬಾರದಷ್ಟು ಜೋರು. ಹೊಕ್ಕಳ ಕೆಳಗೆ ಬೆರಳು ಊರಿದ ಕೂಡಲೇ ನನ್ನ ಮಣಿಕಟ್ಟು ಹಿಡಿದುಬಿಟ್ಟಳು. ಹೆರಿಗೆಯ ಸ್ರಾವ, ಮೈಮೇಲೆ ಹೋಗುವುದು, ಹೇಗಿದೆ ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ಕಟ್ಟಿಕೊಂಡ ಅರಿವೆ ತೋರಿಸಿರಿ ಅಂದರೆ, ಅವನ್ನೆಲ್ಲ ಆಗಲೇ ಒಗೆದು ಹಾಕಿದೆ ಎಂದಳು ಸಂಗವ್ವ. ಇವತ್ತೇ ದವಾಖಾನೆಗೆ ತನ್ನಿ, ಇದು ಬಾಣಂತಿ ನಂಜು ಇರಬೇಕು ಎಂದು ನಾನು ಹೇಳಿದೆ. ಸಂಗವ್ವ ಅದನ್ನು ಕಿವಿಯ ಮೇಲೆ ಹಾಕಿಕೊಂಡಂತೆ ಕಾಣಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ವಾಸನಿ ಬಂತೇನ್ರಿ ಬಾಯಾರ?" ಅಂದಳು.

"ಈ ಹೊಗಿಯೊಳಗ ಯಾವ ಮೂಗಿಗೆ ಏನ ಬರಬೇಕ್ರಿ? ಮೈ ಕೆಂಡ ಆಗೇದ, ಹೊಟ್ಟಿ ಮುಟ್ಟಗೊಡವಲ್ಲಳು. ವಾಸನಿ ತಗೊಂಡ ಏನ ಮಾಡ್ತೀರಿ?"

ಅವಳ ಮುಖ ಸಡಿಲಾಯಿತು. ಗಂಟು ಬಿಚ್ಚಿದಂತೆ ಉಸಿರು ಬಿಟ್ಟಳು. ಮಗಳ ಹಣೆಗೆ ಕೈ ಇಟ್ಟು, ಬಾಯಾರಿಗೆ ವಾಸನೆ ಬಂದಿಲ್ಲವಂತೆ, ಇದು ಹಾಲಿನ ಜ್ವರ, ಇಳಿಯುತ್ತದೆ ಎಂದಳು. ನಾನು ಹೇಳಿದ್ದು ಹತ್ತು ಮಾತು. ಅದರಲ್ಲಿ ಅವಳು ಆರಿಸಿಕೊಂಡದ್ದು ನಾನು ಹೇಳದೇ ಇದ್ದ ಒಂದು ಮಾತು. ಮತ್ತೆ ಬಿಡಿಸಿ ಹೇಳಿದೆ, ದನಿ ಏರಿಸಿಯೂ ಹೇಳಿದೆ. ಪಡಸಾಲೆಗೆ ಬಂದು ಅಂದಾನಪ್ಪನವರಿಗೆ ಹೇಳಿದೆ. ಅವರು ನನ್ನನ್ನೇ ಸಮಾಧಾನ ಮಾಡಿದರು. ನಿಮ್ಮ ಮೂಗಿಗೆ ಬರದ ಬೇನೆ ಬೇನೆಯೇ ಅಲ್ಲ, ನನ್ನ ಪ್ರಾಣವೇ ಸಾಕ್ಷಿ ಅಂದರು. ನಾಡಿದ್ದು ಹುನಗುಂದದ ಬೀಗರು ತೊಟ್ಟಿಲು ಕಾರ್ಯಕ್ಕೆ ಬರುವವರಿದ್ದರು. ಆ ಹೊತ್ತಿಗೆ ಬಾಣಂತಿ ಹೊಸ್ತಿಲು ದಾಟಿ ದವಾಖಾನೆಯಲ್ಲಿ ಮಲಗಿದ್ದರೆ, ಒಂದು ಬಾಣಂತನ ಮಾಡಲಿಕ್ಕೆ ಬರಲಿಲ್ಲವೇ ನಿಮಗೆ ಎಂದು ಬೀಗತಿ ಕೇಳುವಳು. ಅದೇ ಅವರ ದೊಡ್ಡ ಅಂಜಿಕೆ.

ಬರುವಾಗ ಸಂಗವ್ವ ಬಾಣಂತಿಗೆ ಕಟ್ಟಿದ ಎರಡು ಅಂಟಿನುಂಡಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಓಣಿಯ ತಿರುವಿನಲ್ಲಿ ಅವನ್ನು ನಾಯಿಗೆ ಹಾಕಿದೆ. ಮೈಯೆಲ್ಲ ಉರಿಯುತ್ತಿತ್ತು. ಓದಿಲ್ಲದ ಹೆಂಗಸು, ತಿಳಿಯಲಿಲ್ಲ ಅನ್ನೋಣವೆಂದರೆ, ಅವಳು ಎರಡು ಮಗ್ಗದ ಲೆಕ್ಕ ಬಾಯಲ್ಲೇ ಹೇಳುವ ಹೆಂಗಸು. ಬುದ್ಧಿ ಇಲ್ಲದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬುದ್ಧಿ ಇದ್ದೂ ಅದನ್ನು ಇನ್ನೊಬ್ಬರ ಮೂಗಿಗೆ ಅಡ ಇಟ್ಟವರ ಮೇಲೆ ಬರುತ್ತದೆ.

ಡಾಕ್ಟರು ಅವತ್ತು ಬಾದಾಮಿಗೆ ಒಂದು ಶಿಬಿರಕ್ಕೆ ಹೋಗಿದ್ದರು. ಮರುದಿನ ಮುಂಜಾನೆ ಅವರು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ನಾನು ಎದುರಿಗೆ ನಿಂತು ಎಲ್ಲ ಹೇಳಿದೆ. ಜ್ವರ, ನಾಡಿ, ಹೊಟ್ಟೆ, ತೋರಿಸದೆ ಒಗೆದುಬಿಟ್ಟ ಅರಿವೆ. ಅವರು ಕೋಟು ತೆಗೆದು ಗೂಟಕ್ಕೆ ಹಾಕುತ್ತ, ಅರ್ಧ ನಗುತ್ತ ಕೇಳಿದರು.

"ನಿಮ್ಮ ಮೂಗು ಏನಂತದರಿ?"

ಕೈಯಲ್ಲಿದ್ದ ಟ್ರೇ ಮೇಜಿನ ಮೇಲೆ ಕುಕ್ಕಿದೆ. ಒಂದು ಶೀಶೆ ಉರುಳಿ ಕೆಳಗೆ ಬಿತ್ತು. ಓದಿದವರೂ ಇದನ್ನೇ ಕೇಳಿದರೆ ಸಂಗವ್ವನನ್ನು ಬೈದು ಏನು ಉಪಯೋಗ? ಡಾಕ್ಟರಿಗೆ ತಪ್ಪು ಗೊತ್ತಾಯಿತು, ನಗು ನಿಂತಿತು. ಕರೆದುಕೊಂಡು ಬನ್ನಿ, ಈಗಲೇ ನೋಡುತ್ತೇನೆ, ನಂಜೇ ಆಗಿದ್ದರೆ ಇಲ್ಲಿ ಆಗುವುದಿಲ್ಲ, ಬಾಗಲಕೋಟೆಗೆ ಒಯ್ಯಬೇಕಾಗುತ್ತದೆ ಎಂದರು. ಹೊರಗೆ ಸಾಲು ಬಾಗಿಲ ತನಕ ಇತ್ತು. ಅವರನ್ನು ಎಳೆದುಕೊಂಡು ಹೋಗಲಿಕ್ಕೆ ಆಗಲಿಲ್ಲ, ನಾನೊಬ್ಬಳೇ ಹೋದೆ.

ಈ ಸಲ ಹೊಗೆ ಅಂಗಳಕ್ಕೇ ಬಂದಿತ್ತು. ನಾಳೆ ಬೀಗರು ಬರುತ್ತಾರೆಂದು ಪಡಸಾಲೆ ಸಾರಿಸಿದ್ದರು. ಕೋಣೆಯೊಳಗೆ ಸಂಗವ್ವ ಕೆಂಡದ ಮೇಲೆ ಲೋಬಾನವನ್ನು ಹಿಡಿಹಿಡಿಯಾಗಿ ಸುರಿಯುತ್ತಿದ್ದಳು. ಸಿದ್ದಲಿಂಗವ್ವ ನಡುಗುತ್ತಿದ್ದಳು. ಹೆಸರು ಹಿಡಿದು ಕರೆದರೆ ಕಣ್ಣು ತೆಗೆದು, ನನ್ನನ್ನು ಅವ್ವಾ ಎಂದು ಕರೆದು, ಮತ್ತೆ ಮುಚ್ಚಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಸಂಜೆಯ ತನಕ ಕಾಯುವಂಥದ್ದಲ್ಲ ಎಂದು ನನಗೆ ತಿಳಿಯಿತು. ಮತ್ತೆ ಜ್ವರ, ನಾಡಿ ಎಂದು ಶುರುಮಾಡಿದರೆ ಈ ಮನೆಯಲ್ಲಿ ಅದಕ್ಕೆ ಕಿವಿ ಇಲ್ಲ ಎಂಬುದೂ ತಿಳಿಯಿತು.

ಆಗ ನಾನು ಹೊರಸಿನ ಮೇಲೆ ಬಗ್ಗಿ, ಕಂಪನಿ ನಾಟಕದವರ ಹಾಗೆ, ಎಲ್ಲರಿಗೂ ಕೇಳುವಂತೆ ಉದ್ದಕ್ಕೆ ಉಸಿರೆಳೆದೆ. ನನ್ನ ಮೂಗಿಗೆ ಬಂದದ್ದು ಅಜವಾನ, ಲೋಬಾನ ಎರಡೇ. ನೆತ್ತಿಗೆ ಹತ್ತಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಸಂಗವ್ವನ ಕಡೆ ತಿರುಗಿದೆ.

"ವಾಸನಿ ಬಂತು."

ಹಸಿ ಸುಳ್ಳು. ಅದಕ್ಕಾಗಿ ನನಗೆ ಅವತ್ತೂ ನಾಚಿಕೆ ಇರಲಿಲ್ಲ, ಇವತ್ತೂ ಇಲ್ಲ. ಸಂಗವ್ವನ ಕೈಯಲ್ಲಿದ್ದ ಲೋಬಾನ ನೆಲಕ್ಕೆ ಬಿತ್ತು. ಗೋಡೆ ಹಿಡಿದು ಹಾಗೇ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ನನಗ ಮೊನ್ನಿಯಿಂದ ಬರಾಕತ್ತೈತ್ರಿ," ಅಂದಳು. "ಅರಿವಿ ಒಗಿಯೂಮುಂದ ಹೊಟ್ಟಿ ತೊಳಿಸಿ ಬರತಿತ್ತು. ನಿಮಗ ಬರಲಿಲ್ಲ ಅಂದ ಮ್ಯಾಲ, ನನ್ನ ಮೂಗ ಖೊಟ್ಟಿ ಐತಿ ಅಂದ್ಕೊಂಡ್ನಿ."

ಅವಳಿಗೆ ಬಂದಿತ್ತು. ಹೆತ್ತ ತಾಯಿಗೆ, ತನ್ನ ಕೈಯಿಂದ ಆ ಅರಿವೆ ಹಿಂಡಿದವಳಿಗೆ, ಮೊದಲ ದಿನವೇ ಬಂದಿತ್ತು. ಬೀಗರ ಮೂಗಿಗೆ ಬೀಳಬಾರದೆಂದು ಆ ವಾಸನೆಯ ಮೇಲೆ ಲೋಬಾನ ಸುರಿದಳು. ಆಮೇಲೆ ಅದೇ ಹೊಗೆಯೊಳಗೆ ನನ್ನನ್ನು ನಿಲ್ಲಿಸಿ, ನನ್ನ ಮೂಗು ಇಲ್ಲ ಎನ್ನಲಿ ಎಂದು ಕಾದಳು. ಇಲ್ಲ ಅಂದಿತು ಎಂದು ನಂಬಿ ತನ್ನ ಮೂಗನ್ನೇ ಸುಳ್ಳು ಮಾಡಿಕೊಂಡಳು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವಳನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡಕ್ಕೂ ಹೊತ್ತಿರಲಿಲ್ಲ. ಬೆಳಕಿಂಡಿಯ ಗೋಣಿತಟ್ಟು ಕಿತ್ತು ಎಸೆದೆ, ಕೆಂಡದ ಮೇಲೆ ನೀರು ಸುರಿದೆ.

ವಾಸನೆ ಬಂತು ಎಂಬ ಎರಡು ಮಾತಿಗೆ ಆ ಮನೆಯಲ್ಲಿ ಇದ್ದ ಬಲ ನೋಡಬೇಕಿತ್ತು. ನಿನ್ನೆ ಮಿಸುಕದಿದ್ದ ಅಂದಾನಪ್ಪನವರು ಬರಿಗಾಲಲ್ಲಿ ಓಡಿ ಕಾರು ತರಿಸಿದರು. ದವಾಖಾನೆಯ ಮುಂದೆ ಕಾರು ನಿಲ್ಲಿಸಿದಾಗ ಡಾಕ್ಟರು ಹೊರಗೇ ಬಂದು ನೋಡಿದರು, ಒಂದು ಇಂಜೆಕ್ಷನ್ ಕೊಟ್ಟರು, ನಡೆಯಿರಿ ಎಂದು ಬಾಗಲಕೋಟೆಗೆ ಚೀಟಿ ಬರೆದರು. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಸಿದ್ದಲಿಂಗವ್ವ, ನನ್ನ ತೊಡೆಯ ಮೇಲೆ ಕೂಸು. ಹುನಗುಂದ ದಾಟುವಾಗ ಸಂಗವ್ವ ಸೆರಗು ಎಳೆದು ತನ್ನ ಮುಖವನ್ನೂ ಮಗಳ ಮುಖವನ್ನೂ ಮುಚ್ಚಿದಳು. ಬೀಗರ ಕಡೆಯವರು ಯಾರಾದರೂ ಕಂಡಾರು ಎಂದು. ಮಗಳು ಸಾಯುತ್ತಿದ್ದರೂ ಆ ಅಂಜಿಕೆ ಮಾತ್ರ ನೆಟ್ಟಗೆ ಕೂತಿತ್ತು.

ಬಾಗಲಕೋಟೆಯ ವಾರ್ಡಿನಲ್ಲಿ ಹೊಗೆ ಇರಲಿಲ್ಲ. ಅಲ್ಲಿ ಬಟ್ಟೆ ಸರಿಸಿದಾಗ ವಾಸನೆ ಬಂತು. ನನಗಷ್ಟೇ ಅಲ್ಲ. ಕಸ ಗುಡಿಸುತ್ತಿದ್ದವಳು ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದಳು, ಪಕ್ಕದ ಮಂಚದ ಮುದುಕಿ ಆಚೆಗೆ ಹೊರಳಿದಳು. ಅದಕ್ಕೆ ಮೂಗಿನ ಬಾಯಾರು ಬೇಕಿರಲಿಲ್ಲ, ಮೂಗು ಇದ್ದರೆ ಸಾಕಿತ್ತು. ಗರ್ಭಕೋಶದೊಳಗೆ ನಂಜು ತುಂಬಿತ್ತು. ಬಹಳ ದಿನ ಸಾವು ಬದುಕಿನ ನಡುವೆ ತೂಗಿದಳು, ಮೈಯಲ್ಲಿ ಎಲುಬಷ್ಟೇ ಉಳಿಯಿತು. ಕೊನೆಗೆ ಎದ್ದು ಕೂತಳು. ಬದುಕಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಅಂದಾನಪ್ಪನವರು ಒಂದು ಇಳಕಲ್ ಸೀರೆ ಹಿಡಿದು ದವಾಖಾನೆಗೆ ಬಂದರು. ಹೊಗೆಯೊಳಗೂ ಹಿಡಿಯಿತಲ್ಲ ಮೂಗು ಎಂದು ಅದಕ್ಕೆ ಕೊಟ್ಟ ಕಾಣಿಕೆ. ಅವರ ಕೈಗೇ ಹಿಂದಕ್ಕೆ ತುರುಕಿ ಕಳಿಸಿದೆ. ಆದರೆ ಮಾತನ್ನು ಹಿಂದಕ್ಕೆ ತುರುಕಲಿಕ್ಕೆ ಆಗುತ್ತದೆಯೇ? ಅದು ಪೇಟೆ ದಾಟಿ, ಬಸ್ಸು ಹತ್ತಿ, ಹುನಗುಂದಕ್ಕೆ ಹೋಗಿತ್ತು. ಬಾಣಂತಿಗೆ ಜ್ವರ ಬಂದಿತ್ತು ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬಾಣಂತಿಯಿಂದ ವಾಸನೆ ಬಂದಿತ್ತು ಅಂದರೆ ಬೇರೆಯೇ ಅನ್ನುತ್ತಾರೆ. ಈರಪ್ಪನ ತಾಯಿ ನೀಲವ್ವ, ಮೈಯೊಳಗೆ ಏನೋ ಕೆಟ್ಟಿದೆ, ಇಲ್ಲದಿದ್ದರೆ ಅಷ್ಟು ಲೋಬಾನದ ನಡುವೆ ಬಾಯಾರಿಗೆ ಹೇಗೆ ಬಂತು, ಅಂಥದ್ದು ಹೋಗುವುದಿಲ್ಲ ಎಂದು ಕೂತುಬಿಟ್ಟಳಂತೆ. ಬಾಗಲಕೋಟೆಯಿಂದ ತವರಿಗೆ ಬಂದ ಸಿದ್ದಲಿಂಗವ್ವನನ್ನು ಕರೆಯಲು ಯಾರೂ ಬರಲಿಲ್ಲ. ಕೂಸು ಮಗುಚಿಕೊಂಡಿತು, ಅಂಬೆಗಾಲಿಟ್ಟಿತು. ಈರಪ್ಪ ಒಮ್ಮೆ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು, ನೀರು ಕುಡಿದು ಹೋದ. ಸಾಲಿಯಲ್ಲಿ ಮಕ್ಕಳಿಗೆ ಏನು ಕಲಿಸುತ್ತಿದ್ದನೋ.

ನಡುವೆ ನಿಂತು ಒಂದು ದಾರಿ ಹುಡುಕಿದವರು ಅದೇ ಅಂದಾನಪ್ಪನವರು. ಬಾಯಾರ ಮೂಗಿನಿಂದ ಕೆಟ್ಟದ್ದು, ಬಾಯಾರ ಮೂಗಿನಿಂದಲೇ ಸರಿಯಾಗಲಿ ಎಂದು ಎರಡೂ ಮನೆಯವರನ್ನು ಒಪ್ಪಿಸಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದು ದಿನ ಮುಂಜಾನೆ ದವಾಖಾನೆಯ ಜಗಲಿಯಲ್ಲಿ, ರೋಗಿಗಳ ಸಾಲಿನ ಪಕ್ಕದಲ್ಲಿ, ಎಲ್ಲರೂ ಬಂದು ನಿಂತಿದ್ದರು. ಸಂಗವ್ವ, ಅಂದಾನಪ್ಪ, ನೀಲವ್ವ, ಇಸ್ತ್ರಿ ಮಾಡಿದ ಅಂಗಿಯ ಈರಪ್ಪ. ಸಿದ್ದಲಿಂಗವ್ವ ಕೂಸನ್ನು ಎತ್ತಿಕೊಂಡು ಕಂಬದ ಹತ್ತಿರ ನಿಂತಿದ್ದಳು. ಎಣ್ಣೆ ಹಚ್ಚಿ ತಲೆ ಬಾಚಿದ್ದರು, ಹೊಸ ಸೀರೆ ಉಡಿಸಿದ್ದರು. ಮಾರಲಿಕ್ಕೆ ಸಂತೆಗೆ ತಂದಂತೆ ಕಂಡಳು.

ನೀಲವ್ವ ಕೆಟ್ಟ ಹೆಂಗಸಿನಂತೆ ಮಾತಾಡಲಿಲ್ಲ, ನಯವಾಗಿಯೇ ಮಾತಾಡಿದಳು. "ಒಂದ ಸಲ ಮೂಸಿ ಹೇಳ್ರಿ ಬಾಯಾರ. ಈಗ ವಾಸನಿ ಇಲ್ಲ ಅಂತ ನೀವ ಅಂದ್ರ, ಇಲ್ಲಿಂದ ಸೀದಾ ಹುನಗುಂದಕ್ಕ ಕರಕೊಂಡ ಹೋಗ್ತೇವಿ."

ನಾನು ಆ ಸಾಲಿನ ಜನರೆಲ್ಲ ಕೇಳುವಂತೆ ಹೇಳಿದೆ.

"ಅವತ್ತ ನನಗ ವಾಸನಿ ಬಂದಿರಲಿಲ್ರಿ. ಸುಳ್ಳ ಹೇಳಿದ್ದೆ. ಜ್ವರ ಅಂದ್ರ ಈ ಮನ್ಯಾಗ ಯಾರೂ ಕೇಳವಲ್ಲರಾಗಿದ್ರು, ಅದಕ್ಕ ಹೇಳಿದ್ದೆ."

ಒಬ್ಬರೂ ನಂಬಲಿಲ್ಲ. ನೀಲವ್ವ ನಕ್ಕು, ಇನ್ನೊಬ್ಬರ ಮಗಳ ಬಾಳಿಗಾಗಿ ತಮ್ಮ ಮೇಲೆ ಸುಳ್ಳು ಹೊತ್ತುಕೊಳ್ಳುತ್ತಾರೆ, ದೊಡ್ಡ ಮನಸ್ಸು ಅಂದಳು. ಅಂದಾನಪ್ಪನವರು, ಬಾಯಾರು ಸುಳ್ಳು ಹೇಳಿಯಾರು, ಅವರ ಮೂಗು ಹೇಳುವುದಿಲ್ಲ ಎಂದು ತಲೆಯಾಡಿಸಿದರು. ನಿಜ ಹೇಳಿದಾಗ ಸುಳ್ಳು ಅನ್ನುವವರು, ಸುಳ್ಳು ಹೇಳಿದಾಗ ಕಾರು ತರಿಸಿದವರು. ಇಂಥವರ ಎದುರು ಬಾಯಿ ಇದ್ದರೇನು ಬಿಟ್ಟರೇನು?

ಸಂಗವ್ವ ಹಿಂದೆ ನಿಂತು ಎರಡೂ ಕೈ ಮುಗಿದಿದ್ದಳು. ಅವಳು ಕೇಳುತ್ತಿದ್ದದ್ದು ಗೊತ್ತಾಯಿತು. ವಾಸನೆ ಇಲ್ಲ ಅಂದುಬಿಡಿ, ಅಷ್ಟೇ ತಾನೇ. ಅಂದರೆ ಸುಳ್ಳೂ ಆಗುತ್ತಿರಲಿಲ್ಲ, ಹುಡುಗಿಗೆ ಮನೆ ಸಿಗುತ್ತಿತ್ತು. ಆದರೆ ಇವತ್ತು ನನ್ನ ಮೂಗಿನ ಮೇಲೆ ಒಳಗೆ ಕರೆದುಕೊಂಡವರು ನಾಳೆ ಯಾವ ಮೂಗಿನ ಮೇಲೆ ಹೊರಗೆ ಹಾಕುತ್ತಾರೆ? ಆದರೂ ಆ ಮುಗಿದ ಕೈ ನೋಡಿ ಸೋತೆ. ಹೇಳಿಬಿಡೋಣ ಎಂದು ಒಂದು ಹೆಜ್ಜೆ ಸಿದ್ದಲಿಂಗವ್ವನ ಕಡೆ ಇಟ್ಟೆ.

"ಮೂಸಬ್ಯಾಡ್ರಿ ಬಾಯಾರ," ಅಂದಳು ಅವಳು.

ಅವಳ ದನಿಯನ್ನು ನಾನು ನೆಟ್ಟಗೆ ಕೇಳಿದ್ದು ಅವತ್ತೇ. ಹೊರಸಿನ ಮೇಲೆ ನರಳಿದ್ದು ಬಿಟ್ಟರೆ ಅವಳು ನನ್ನೆದುರು ಮಾತೇ ಆಡಿರಲಿಲ್ಲ. ಅವಳಿಗೂ ಅರಿವೆಯ ಆ ವಾಸನೆ ಎಲ್ಲರಿಗಿಂತ ಮೊದಲು ಗೊತ್ತಿದ್ದಿರಬೇಕು, ಯಾರೂ ಅವಳನ್ನು ಕೇಳಿರಲಿಲ್ಲ. ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಂಡು ನಡೆದು ಹೋಗಿ ಗಂಡನ ಎದುರು ನಿಂತಳು. ಅವನಿಗೂ ಅವಳಿಗೂ ನಡುವೆ ಒಂದು ಮೊಳ ಜಾಗ ಇತ್ತು.

"ನೀವ ಮೂಸ್ರಿ. ನಿಮಗೂ ಮೂಗ ಐತೆಲ್ಲ."

ಜಗಲಿಯ ಮೇಲೆ ಕೆಮ್ಮುವವರೂ ಕೆಮ್ಮು ನುಂಗಿಕೊಂಡರು. ಈರಪ್ಪನ ಮುಖ ಕೆಂಪಾಯಿತು. ಕೂಸು ಕೈ ಚಾಚಿ ಅವನ ಅಂಗಿಯ ಗುಂಡಿ ಹಿಡಿಯಿತು. ಅವನು ತಾಯಿಯ ಮುಖ ನೋಡಿದ. ನೀಲವ್ವ ಬೇರೆ ಕಡೆ ನೋಡಿದಳು. ಬಗ್ಗಬೇಕಾದದ್ದು ಒಂದು ಮೊಳ. ಅವನು ಬಗ್ಗಲಿಲ್ಲ, ತಿರುಗಿ ನನ್ನ ಕಡೆ ನೋಡಿದ. ಆಗಲೂ, ಅವಳು ಎದುರಿಗೆ ನಿಂತಿದ್ದಾಗಲೂ, ನಾನು ಹೇಳಲಿ ಎಂದು ಕಾಯುತ್ತಿದ್ದ.

ಸಿದ್ದಲಿಂಗವ್ವ ಅದನ್ನು ನೋಡಿದಳು. ಕೂಸಿನ ಬೆರಳುಗಳನ್ನು ಒಂದೊಂದಾಗಿ ಅವನ ಗುಂಡಿಯಿಂದ ಬಿಡಿಸಿದಳು. "ನಡಿ ಯವ್ವಾ, ಮನಿಗೆ ಹೋಗೂಣು," ಎಂದು ಸಂಗವ್ವನಿಗೆ ಹೇಳಿ, ನನ್ನ ಪಕ್ಕದಿಂದಲೇ ಮೆಟ್ಟಿಲಿಳಿದು ಹೋದಳು. ಸಂಗವ್ವ ಮುಗಿದಿದ್ದ ಕೈ ಬಿಚ್ಚಿ, ಸೆರಗು ಮುಖಕ್ಕೆ ಎಳೆದುಕೊಳ್ಳದೆ, ಮಗಳ ಹಿಂದೆ ನಡೆದಳು.

ಅವರು ರಸ್ತೆ ಮುಟ್ಟಿರಲಿಲ್ಲ, ನೀಲವ್ವ ನನ್ನ ಹತ್ತಿರ ಸರಿದು, ನಿಮ್ಮ ಮಗ್ಗುಲಿಂದಲೇ ಹೋದಳಲ್ಲ, ಏನಾದರೂ ಬಂತೇ ಎಂದು ಪಿಸುಗುಟ್ಟಿದಳು. ಜಗಲಿ ಇಳಿಯಿರಿ, ಬೇನೆ ಇದ್ದವರು ಕಾಯುತ್ತಿದ್ದಾರೆ ಎಂದು ಗದರಿ, ಥರ್ಮಾಮೀಟರ್ ಝಾಡಿಸಿ, ಸಾಲಿನಲ್ಲಿ ಮೊದಲಿದ್ದವನ ಬಾಯಿಗೆ ತುರುಕಿದೆ. ಅವನು ಮುಖ ತಿರುಗಿಸಲಿಲ್ಲ.

ಬಂದಿತ್ತು. ಹರಳೆಣ್ಣೆ, ಕೂಸಿಗೆ ತೇಯ್ದ ಬಜೆ, ಎದೆಹಾಲು, ಬಿಸಿಲಿಗೆ ಒಣಗಿದ ಸೀರೆ. ಅದನ್ನು ತಿಳಿಯಬೇಕಾದವನು ಒಂದು ಮೊಳ ಬಗ್ಗಿದ್ದರೆ ತಿಳಿಯುತ್ತಿತ್ತು. ನಾನು ಅವರಿಗೆ ಹೇಳಲಿಲ್ಲ.